ಪೋರ್ಷೆ ವಾಚೋ, ಫೆರಾರಿ ವಾಚೋ?

ಕಾರ್ ಕಂಪನಿ ಹೆಸರಿರುವ ವಾಚ್ ಕೊಳ್ಳುವ ಮುಂಚೆ ಒಂದು ಮಾತು: ಅದು ದಿನಾ ಕಟ್ಟಿಕೊಳ್ಳೋಕಾ, ಇಲ್ಲ ಲಾಕರ್‌ನಲ್ಲಿ ಇಡೋಕಾ?

ಕಟ್ಟಿಕೊಳ್ಳೋಕಾದರೆ ನನ್ನ ಓಟು ವಾಚ್ ಕಂಪನಿ ಟ್ಯಾಗ್ ಹ್ಯೂಯರ್ ಮತ್ತು ಪೋರ್ಷೆ ಜೋಡಿಗೆ. ಒಪ್ಪಂದ 2021ರದ್ದು, ನಂಟು ಮಾತ್ರ ಹಳೆಯದು. ಮೆಕ್ಸಿಕೋದ ‘ಕರೇರಾ ಪಾನಮೆರಿಕಾನಾ’ ರೇಸಿನಿಂದಲೇ ಎರಡೂ ಕಂಪನಿಗಳು ತಮ್ಮ ವಾಚಿಗೂ ಕಾರಿಗೂ ‘ಕರೇರಾ’ ಹೆಸರು ಪಡೆದವು. 1980ರ ದಶಕದಲ್ಲಿ ಫಾರ್ಮುಲಾ ಒನ್ ರೇಸ್ ತಂಡ ಮೆಕ್‌ಲಾರೆನ್‌ಗೆ ಪೋರ್ಷೆ ಮಾಡಿಕೊಟ್ಟ ಎಂಜಿನ್ ಮೇಲೂ ಟ್ಯಾಗ್ (ಹ್ಯೂಯರ್ ಅನ್ನು 1985ರಲ್ಲಿ ಕೊಂಡ ಕಂಪನಿ) ಹೆಸರಿತ್ತು. ಆ ಎಂಜಿನ್ ಇದ್ದ ಕಾರಿನಲ್ಲೇ ಚಾಲಕ ನಿಕಿ ಲೌಡಾ 1984ರಲ್ಲಿ, ಅಲೈನ್ ಪ್ರಾಸ್ಟ್ ಮುಂದಿನ ಎರಡು ವರ್ಷ ವಿಶ್ವ ಚಾಂಪಿಯನ್ ಆದರು. ಅಂದರೆ ಇದು ಸುಮ್ನೆ ಲೋಗೊ ಅಂಟಿಸಿದ ಸಂಬಂಧ ಅಲ್ಲ. ಇವರಿಬ್ಬರ ಮೊದಲ ಕರೇರಾ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚ್) ಕೈಯಿಂದ ಬಿಚ್ಚಿಟ್ಟರೂ 80 ಗಂಟೆ ಓಡುತ್ತೆ, 100 ಮೀಟರ್ ನೀರಿನ ಒತ್ತಡ ತಡೆಯುತ್ತೆ.

ಫೆರಾರಿಯದು ಬೇರೆಯೇ ಲೋಕ. ವಾಚ್ ಕಂಪನಿ ರಿಚರ್ಡ್ ಮಿಲ್ ಜೊತೆ 2022ರಲ್ಲಿ ತಂದ ಆರ್‌ಎಂ ಯುಪಿ-01 ವಾಚಿನ ದಪ್ಪ ಬರೀ 1.75 ಮಿಲಿಮೀಟರ್. ಮಾಡಿದ್ದು 150 ಮಾತ್ರ. ಕೀ ಕೊಡೋಕೂ ಬೇರೆ ಸಲಕರಣೆ ಬೇಕು! ಅದಕ್ಕೂ ಮುಂಚೆ, 2013ರಲ್ಲಿ, ಇನ್ನೊಂದು ವಾಚ್ ಕಂಪನಿ ಹ್ಯೂಬ್ಲೊ ಫೆರಾರಿಯ ‘ಲಾಫೆರಾರಿ’ ಕಾರಿನ ಹೆಸರಲ್ಲಿ ಮಾಡಿದ ವಾಚ್ ಒಮ್ಮೆ ಕೀ ಕೊಟ್ಟರೆ 50 ದಿನ ನಡೆಯುತ್ತಿತ್ತು.

ಇಂಥವು ನೋಡೋಕೆ ಅದ್ಭುತ. ಆದರೆ ಮಳೆಯಲ್ಲಿ ಕಟ್ಟಿಕೊಂಡು ಓಡಾಡೋಕೆ ಯಾರಿಗೆ ಧೈರ್ಯ ಬರುತ್ತೆ, ಅಲ್ವಾ?