ಮ್ಯಾಕಿಂಟಾಷ್ ಎಲ್‌ಸಿ ಸಾಲು: ಕೊಳ್ಳುವುದಾದರೆ ಮೂರನೆಯದು, ಎರಡನೆಯದು ಬೇಡ

ಎಲ್‌ಸಿ ಅಂದರೆ ‘ಲೋ ಕಾಸ್ಟ್ ಕಲರ್’. 1990ರ ಅಕ್ಟೋಬರ್‌ನಲ್ಲಿ ಆಪಲ್ ಘೋಷಿಸಿದಾಗ ಬೆಲೆ ಸುಮಾರು 2,500 ಡಾಲರ್, ಅದೂ ಮಾನಿಟರ್ ಬಿಟ್ಟು. ಬಣ್ಣದ ಬೇರೆ ಮ್ಯಾಕ್‌ಗಳ ಪಕ್ಕದಲ್ಲಿಟ್ಟರೆ ಮಾತ್ರ ಇದು ಅಗ್ಗ. ಪಿಜ್ಜಾ ಡಬ್ಬದಂಥ ಚಪ್ಪಟೆ ಪೆಟ್ಟಿಗೆ. ಹಿಂಬದಿಯ ಎರಡು ಕೊಂಡಿ ಎತ್ತಿದರೆ ಮುಚ್ಚಳ ಬಂತು. ಪ್ಲಾಸ್ಟಿಕ್ ಈಗ ಹಪ್ಪಳದಂತಾಗಿದೆ, ಮೆಲ್ಲಗೆ ಎತ್ತಿ.

ಮೊದಲ ಎಲ್‌ಸಿಯಲ್ಲಿ 16 ಮೆಗಾಹರ್ಟ್ಸ್‌ನ 68020 ಪ್ರೊಸೆಸರ್ ಇದೆ. ಅದು 32 ಬಿಟ್‌ನದು, ಮಾಹಿತಿ ಓಡಾಡುವ ದಾರಿ, ಅಂದರೆ ಡೇಟಾ ಬಸ್ ಮಾತ್ರ 16 ಬಿಟ್‌ನದು. ಒಂದೇ ಸಲ ತರಬಹುದಾದ್ದನ್ನು ಎರಡು ಸಲ ಹೊರಬೇಕು. 1992ರ ಎಲ್‌ಸಿ 2ಕ್ಕೆ 68030 ಬಂತು, ಬಸ್ ಹಾಗೇ ಉಳಿಯಿತು, ವೇಗ ಏರಲೇ ಇಲ್ಲ. ಬೋರ್ಡ್ ಮೇಲೇ 4 ಎಂಬಿ ರ‍್ಯಾಮ್ ಇದೆ. 4 ಎಂಬಿಯ ಇನ್ನೆರಡು ಸಿಮ್ (ಮೆಮೊರಿ ಪಟ್ಟಿ) ಹಾಕಿದರೆ ಲೆಕ್ಕಕ್ಕೆ 12, ಯಂತ್ರ ಕಾಣುವುದು 10. ಉಳಿದ 2 ಎಂಬಿ ದಂಡ. ಹೊಸ ಹೆಸರಿಟ್ಟು ಹಳೇ ಸರಕು ಮಾರಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಮ್ಯಾಕ್‌ಗೂ ಮೊದಲಿನ ಆಪಲ್ 2 ಕಂಪ್ಯೂಟರಿನ ಹಳೆಯ ಶಾಲಾ ತಂತ್ರಾಂಶ ಓಡಿಸುವ ಆಪಲ್ 2ಇ ಕಾರ್ಡ್ ಸಿಕ್ಕಿದ್ದರಷ್ಟೇ ಈ ಎರಡರ ಕಡೆ ನೋಡಿ. ಆ ಕಾರ್ಡ್‌ಗೆ ಮೆಮೊರಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ 32 ಬಿಟ್ ಅಡ್ರೆಸಿಂಗ್ ಆಫ್ ಇರಬೇಕು.

1993ರ ಫೆಬ್ರವರಿಯ ಎಲ್‌ಸಿ 3 ಬೇರೆಯದೇ ಯಂತ್ರ. 25 ಮೆಗಾಹರ್ಟ್ಸ್, ಪೂರ್ತಿ 32 ಬಿಟ್ ಬಸ್, 72 ಪಿನ್‌ನ ಒಂದು ಸಿಮ್‌ನಿಂದ 36 ಎಂಬಿವರೆಗೆ ರ‍್ಯಾಮ್, ದಶಮಾಂಶದ ಲೆಕ್ಕ ಮಾಡುವ ಎಫ್‌ಪಿಯು ಚಿಪ್‌ಗೆ ಸಾಕೆಟ್; ಬೆಲೆ 1,349 ಡಾಲರ್‌ಗೆ ಇಳಿದಿತ್ತು.

ಈಗ ಯಾವುದನ್ನೇ ತಂದರೂ ಬೋರ್ಡ್ ಮೇಲಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿ) ಸೋರಿರುತ್ತದೆ ಅಂದುಕೊಂಡೇ ತನ್ನಿ. ಮೊದಲು ಧ್ವನಿ ಕ್ಷೀಣಿಸುತ್ತದೆ, ಆಮೇಲೆ ಯಂತ್ರ ಏಳುವುದೇ ಇಲ್ಲ. ಸೋಲ್ಡರಿಂಗ್ ಐರನ್ ತಾಗಿಸಿದೊಡನೆ ಮೀನಿನ ವಾಸನೆ ಬಂದರೆ ಸೋರಿದ್ದು ಖಾತ್ರಿ. ಹಳೆಯದನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬೋರ್ಡ್ ತೊಳೆದು, ಒಣಗಿಸಿ, ಆಮೇಲೆ ಹೊಸದು ಹಾಕಿ.

ಎಲ್‌ಸಿ 3ರಲ್ಲಿ ಒಂದು ಬಲೆ ಇದೆ. ಸಿ22 ಎಂಬ 47 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗೆ ಬೋರ್ಡ್ ಮೇಲಿನ ಪ್ಲಸ್ ಗುರುತೇ ತಿರುಗುಮುರುಗು. ಕಾರ್ಖಾನೆಯಲ್ಲೂ ಹಾಗೇ ಕೂರಿಸಿದ್ದಾರೆ. ಅದು ಮೈನಸ್ 5 ವೋಲ್ಟ್ ಲೈನಿನದು, ಹಾಗಾಗಿ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು. ಆ ಲೈನ್ ಬಳಕೆಯಾಗುವುದು ಮುಖ್ಯವಾಗಿ ಸೀರಿಯಲ್ ಪೋರ್ಟ್‌ಗೆ ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಗುರುತು ನಂಬಿ ಟ್ಯಾಂಟಲಮ್ ಜಾತಿಯ ಕೆಪಾಸಿಟರ್ ಹಾಕಿದರೆ ಅದು ಸುಟ್ಟುಹೋಗುತ್ತದೆ. ಮಲ್ಟಿಮೀಟರ್‌ನಲ್ಲಿ ಗ್ರೌಂಡ್ ಯಾವ ಕಡೆ ಅಂತ ನೋಡಿಯೇ ಬೆಸೆಯಿರಿ.

3.6 ವೋಲ್ಟ್‌ನ ಅರ್ಧ ಎಎ ಬ್ಯಾಟರಿಯನ್ನು ಮೊದಲ ದಿನವೇ ತೆಗೆದುಬಿಡಿ, ಅದು ಸೋರಿದರೆ ಬೋರ್ಡನ್ನೇ ತಿನ್ನುತ್ತದೆ. ಅಮೆರಿಕದಿಂದ ತರಿಸಿದ್ದಾದರೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸುವ ಮುನ್ನ ಪವರ್ ಸಪ್ಲೈ ಮೇಲಿನ ಚೀಟಿ ಓದಿ. ಹಳೆಯ 40 ಎಂಬಿ ಹಾರ್ಡ್ ಡಿಸ್ಕ್ ತಿರುಗಿದರೆ ಅದೃಷ್ಟ. ಇಲ್ಲದಿದ್ದರೆ ಡಿಸ್ಕ್ ಜೋಡಿಸುವ 50 ಪಿನ್ ಸ್ಕಸಿ ಕೇಬಲ್‌ಗೆ ಹಾರ್ಡ್ ಡಿಸ್ಕ್‌ನಂತೆ ನಟಿಸುವ ಬ್ಲೂಸ್ಕಸಿ ಎಂಬ ಬೋರ್ಡ್ ಹಾಕಿ, ಮೆಮೊರಿ ಕಾರ್ಡ್‌ನಿಂದಲೇ ಬೂಟ್ ಆಗುತ್ತದೆ.

ದುಡ್ಡು ಸ್ವಲ್ಪ ಹೆಚ್ಚಿದ್ದರೆ ಎಲ್‌ಸಿ 475 ನೋಡಿ. 68ಎಲ್‌ಸಿ040 ಪ್ರೊಸೆಸರ್ ಸಾಕೆಟ್‌ನಲ್ಲಿರುವುದರಿಂದ ಎಫ್‌ಪಿಯು ಇರುವ ಪೂರ್ಣ 68040 ಕೂರಿಸಬಹುದು. ಬ್ಯಾಟರಿ ಇಲ್ಲದಾಗ ಇದು ಆನ್ ಆದಾಗಿನ ಗಂಟೆ ಬಾರಿಸಿಯೂ ಪರದೆ ಕಪ್ಪಾಗಿಯೇ ಇಡುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ: ಹಿಂದಿನ ಸ್ವಿಚ್ಚನ್ನು ಆಫ್ ಮಾಡಿ ತಕ್ಷಣ ಮತ್ತೆ ಆನ್ ಮಾಡಿದರೆ ಚಿತ್ರ ಬರುತ್ತದೆ.