ತಾಮ್ರದ ಹನಿಗಳ ಸೂತ್ರದಾಟ: ಚಾಂಗಿ ನಿಲ್ದಾಣದ ‘ಕೈನೆಟಿಕ್ ರೇನ್’

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಒಂದನೆಯ ಟರ್ಮಿನಲ್‌ನಲ್ಲಿ, ನಿರ್ಗಮನದ ಚೆಕ್-ಇನ್ ಸಭಾಂಗಣದ ನಡುವೆ, ಎದುರುಬದುರಾಗಿರುವ ಎರಡು ಎಸ್ಕಲೇಟರ್‌ಗಳ ಮೇಲ್ಗಡೆ 1,216 ತಾಮ್ರವರ್ಣದ ಹನಿಗಳು ತೂಗುತ್ತಿವೆ. ಬರ್ಲಿನ್ನಿನ ‘ಆರ್ಟ್+ಕಾಮ್’ ಸಂಸ್ಥೆಯು ರೂಪಿಸಿ 2012ರಲ್ಲಿ ಸ್ಥಾಪಿಸಿದ ಈ ಕೃತಿಯ ಹೆಸರು ‘ಕೈನೆಟಿಕ್ ರೇನ್’. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿಬರುವ ಕನ್ನಡಿಗರು ಬಹಳ ಮಂದಿ ಇರುವುದರಿಂದ, ಅವರಲ್ಲಿ ಕೆಲವರಾದರೂ ಬ್ಯಾಗುಗಳ ತೂಕದ ಆತಂಕವನ್ನು ಬದಿಗಿಟ್ಟು ಇಲ್ಲಿ ತಲೆಯೆತ್ತಿ ನಿಲ್ಲಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹನಿಗಳು ಹಗುರವಾದ ಅಲ್ಯೂಮಿನಿಯಂನವು. ಮೇಲೆ ತಾಮ್ರದ ಲೇಪವಿದೆ. ಒಂದೊಂದೂ ತೆಳ್ಳನೆಯ ಉಕ್ಕಿನ ತಂತಿಯಿಂದ ಇಳಿಬಿದ್ದಿದೆ, ಪ್ರತಿಯೊಂದಕ್ಕೂ ಚಾವಣಿಯ ಒಳಗೆ ಅಡಗಿರುವ ಬೇರೆ ಬೇರೆ ಮೋಟಾರು ಇದೆ, ಮತ್ತು ಎಲ್ಲ ಮೋಟಾರುಗಳನ್ನೂ ಕಂಪ್ಯೂಟರ್ ನಿಯಂತ್ರಿಸುತ್ತದೆ. ನಮ್ಮ ಸೂತ್ರದ ಗೊಂಬೆಯಾಟವನ್ನು ನೋಡಿದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ: ದಾರ ಕಾಣುತ್ತದೆ, ಆಡಿಸುವ ಕೈ ಕಾಣುವುದಿಲ್ಲ. ಗೊಂಬೆಯೊಂದಕ್ಕೆ ಹಲವು ದಾರಗಳಿದ್ದರೆ, ಇಲ್ಲಿ ಹನಿಗೊಂದೇ ತಂತಿ; ಅದು ಮೇಲಕ್ಕೆ ಏರಬಲ್ಲದು, ಕೆಳಕ್ಕೆ ಇಳಿಯಬಲ್ಲದು, ಅಷ್ಟೇ. ಇಷ್ಟು ಬಡವಾದ ಚಲನೆಯಿಂದಲೇ, ತಲಾ 608 ಹನಿಗಳ ಎರಡು ಸಮೂಹಗಳು ಮೇಲಿನಿಂದ ಕೆಳಕ್ಕೆ ಏಳು ಮೀಟರಿಗೂ ಹೆಚ್ಚಿನ ಹರವಿನಲ್ಲಿ ಅಲೆಗಳಾಗುತ್ತವೆ, ಬಾಗಿದ ಹಾಳೆಯಂತೆ ಹರಡುತ್ತವೆ, ಗಾಳಿಪಟವಾಗಿ, ವಿಮಾನವಾಗಿ ಕೂಡಿಕೊಳ್ಳುತ್ತವೆ, ಮತ್ತೆ ಕದಡಿ ಬರಿಯ ಹನಿಗಳಾಗುತ್ತವೆ. ಒಂದು ಸಮೂಹವು ಕೆಲವೊಮ್ಮೆ ಇನ್ನೊಂದನ್ನು ಕನ್ನಡಿಯಂತೆ ಅನುಸರಿಸುತ್ತದೆ, ಕೆಲವೊಮ್ಮೆ ಅದಕ್ಕೆ ಉತ್ತರ ಕೊಡುವಂತೆ ಚಲಿಸುತ್ತದೆ.

ಈ ಕೃತಿಯ ದೊಡ್ಡ ಗುಣವೆಂದರೆ ಅದರ ನಿಧಾನ. ಸುತ್ತಲೂ ಎಲ್ಲರೂ ಅವಸರದಲ್ಲಿರುವ ಜಾಗದಲ್ಲಿ ಇದು ಯಾರನ್ನೂ ಕೂಗಿ ಕರೆಯುವುದಿಲ್ಲ. ಹದಿನೈದು ನಿಮಿಷಗಳ ತನ್ನ ನಡೆಯನ್ನು ತನ್ನಷ್ಟಕ್ಕೆ ಮುಗಿಸಿಕೊಂಡು ಮತ್ತೆ ಆರಂಭಿಸುತ್ತದೆ. ದೀಪಗಳ ಬೆಳಕಿಗೆ ಹನಿಗಳ ನೆರಳುಗಳು ಸುತ್ತಲಿನ ಮೇಲ್ಮೈಗಳ ಮೇಲೆ ಬಿದ್ದು ಸರಿದಾಡುವುದನ್ನೂ ಗಮನಿಸಬೇಕು, ಏಕೆಂದರೆ ಲೋಹದ ಮಳೆ ಒಂದು ಆಕಾರದಲ್ಲಿದ್ದಾಗ ನೆರಳಿನ ಮಳೆ ಬೇರೊಂದೇ ಆಕಾರದಲ್ಲಿರುತ್ತದೆ. ಉಜ್ಜಿ ಬೆಳಗಿದ ತಾಮ್ರದ ಹಂಡೆಗೆ ಬಚ್ಚಲಿನ ಕಿಟಕಿಯ ಬಿಸಿಲು ತಾಗಿದಾಗ ಬರುವ ಆ ಬೆಚ್ಚನೆಯ ಹೊಳಪು ಇಲ್ಲಿಯೂ ಇದೆ, ಮತ್ತು ಯಾವ ವಿದ್ಯುತ್ ಪರದೆಯೂ ಅದನ್ನು ಕೊಡಲಾರದು.

ಇದೇ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ 2023ರಲ್ಲಿ ತೆರೆದ ‘ವಂಡರ್‌ಫಾಲ್’ ಎಂಬ, 14 ಮೀಟರ್ ಎತ್ತರದ ಡಿಜಿಟಲ್ ಜಲಪಾತವೂ ಇದೆ. ಅದು ನೋಡಿದ ತಕ್ಷಣ ಬೆರಗು ಹುಟ್ಟಿಸುತ್ತದೆ. ಆದರೆ ಎಲ್ಲಿ ನಿಂತು ನೋಡಿದರೂ ಅದು ಒಂದೇ ಚಿತ್ರ. ಹನಿಗಳ ಮಳೆಯಾದರೋ ನಾವು ಹೆಜ್ಜೆ ಸರಿಸಿದಂತೆಲ್ಲ ಬದಲಾಗುತ್ತದೆ, ಏಕೆಂದರೆ ಅದು ನಿಜವಾದ ವಸ್ತುವಾಗಿ, ನಮ್ಮದೇ ಗಾಳಿಯಲ್ಲಿ ತೂಗುತ್ತಿದೆ. ಗಣಿತವು ಪರದೆಯಿಂದ ಹೊರಬಂದು ತೂಕವನ್ನು ಪಡೆದುಕೊಂಡಿರುವುದೇ ಇಲ್ಲಿನ ಸಾಧನೆ ಎಂದು ನಾನು ತಿಳಿಯುತ್ತೇನೆ.

ಕೊರತೆಗಳಿಲ್ಲವೆಂದಲ್ಲ. ವಿಮಾನ, ಗಾಳಿಪಟಗಳಂತಹ ಗುರುತಿಸಬಹುದಾದ ಆಕಾರಗಳು ಮಕ್ಕಳಿಗೆ ಹಿಡಿಸುತ್ತವೆ, ಆದರೆ ಅವು ಮೂಡಿದ ಕೂಡಲೇ ನೋಡುವವರ ಮನಸ್ಸು ಹೆಸರು ಹೇಳಿ ಸುಮ್ಮನಾಗಿಬಿಡುತ್ತದೆ. ಹೆಸರಿಲ್ಲದ ಅಲೆಗಳೇ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದವು. ಇನ್ನೊಂದು ಸಂಗತಿ ಸ್ಥಳಕ್ಕೆ ಸಂಬಂಧಿಸಿದ್ದು: ಕೃತಿಯು ವಲಸೆ ತಪಾಸಣೆಗಿಂತ ಹೊರಗಿನ ಸಾರ್ವಜನಿಕ ಭಾಗದಲ್ಲಿರುವುದರಿಂದ ಊರಿನವರು ಟಿಕೆಟ್ಟಿಲ್ಲದೆ, ಶುಲ್ಕವಿಲ್ಲದೆ ಬಂದು ನೋಡಬಹುದು, ಆದರೆ ಸಿಂಗಪುರವನ್ನು ಪ್ರವೇಶಿಸದೆ ಕೇವಲ ವಿಮಾನ ಬದಲಿಸಿ ಮುಂದೆ ಸಾಗುವವರಿಗೆ ಅದು ದಕ್ಕುವುದಿಲ್ಲ.

ನೋಡುವವರು ಮೊದಲು ಕೆಳಗೆ ನಿಂತು ಒಂದು ಸುತ್ತನ್ನು ಪೂರ್ತಿಯಾಗಿ ನೋಡಬೇಕು. ಅನಂತರ ಎಸ್ಕಲೇಟರ್‌ನಲ್ಲಿ ಸಾಗುತ್ತ, ಹನಿಗಳು ಕಣ್ಣಿನ ಮಟ್ಟಕ್ಕೆ ಬರುವ ಆ ಕೆಲವು ಕ್ಷಣಗಳಲ್ಲಿ ಮೊಬೈಲನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಇದಕ್ಕಾಗಿ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ ಮುಂಚೆ ಬಂದರೆ ಸಾಕು.