ಆಪರೇಷನ್ ಬೇಡವೆಂದು ಹೋದವಳು ಆಪರೇಷನ್ ಟೇಬಲ್ ಮೇಲೆ ಮಲಗಿದೆ

ನನ್ನ ಪಿತ್ತಕೋಶದಿಂದ ತೆಗೆದ ಕಲ್ಲುಗಳು ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿವೆ. ಒಟ್ಟು 14. ಹೆಚ್ಚಿನವು ಸಾಸಿವೆಯಷ್ಟು, ಮೂರು ಮೆಣಸಿನ ಕಾಳಿನಷ್ಟು, ಬಣ್ಣ ಹಳೆಯ ಬೆಲ್ಲದ್ದು. ಮನೆಗೆ ಕಳುಹಿಸುವ ದಿನ ಆಸ್ಪತ್ರೆಯವರು ಕೈಗೆ ಕೊಟ್ಟರು. ಬಿಸಾಡು ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಾರೆ. ನಾನು ಫ್ರಿಜ್ಜಿನ ಮೇಲೆ ಇಟ್ಟುಕೊಂಡಿದ್ದೇನೆ. ಇವಕ್ಕಾಗಿ ತೂಕ ಇಳಿಸುವ ಕೇಂದ್ರವೊಂದಕ್ಕೆ 48,000 ರೂಪಾಯಿ ಕೊಟ್ಟಿದ್ದೇನೆ, ಅದೂ ಕಂತಿನಲ್ಲಿ. ಆಪರೇಷನ್ ಖರ್ಚು ಬೇರೆ.

ನನಗೆ 44 ವರ್ಷ, ಎತ್ತರ 156 ಸೆಂ.ಮೀ. ಕಳೆದ ವರ್ಷ ಯುಗಾದಿಯ ಹೊತ್ತಿಗೆ ತೂಕ 78 ಕಿಲೋ, ಅಂದರೆ ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ 32. ಭಾರತೀಯರಿಗೆ 25 ಮುಟ್ಟಿದರೇ ಬೊಜ್ಜು ಎಂದು ಲೆಕ್ಕ. ದೊಡ್ಡಮ್ಮನ ಮಗಳು ಜಠರ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು, ನೀನೂ ವಿಚಾರಿಸು ಎಂದು ಹೇಳುತ್ತಲೇ ಇದ್ದಳು. ನನಗೆ ಹೆದರಿಕೆ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡ ಸುದ್ದಿ ತಲೆಯಲ್ಲಿ ಕುಳಿತಿತ್ತು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ಅದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ ಎಂದು ಈಗ ಗೊತ್ತು. ಆಗ ನನ್ನ ಪಾಲಿಗೆ ಕತ್ತಿ ಎಂದರೆ ಕತ್ತಿ.

ಹಾಗಾಗಿ ‘ಶಸ್ತ್ರಚಿಕಿತ್ಸೆ ಇಲ್ಲ, ವ್ಯಾಯಾಮ ಇಲ್ಲ’ ಎಂಬ ಆ ಕೇಂದ್ರದ ಫಲಕ ಕಂಡಾಗ ದೇವರೇ ದಾರಿ ತೋರಿಸಿದ ಎನಿಸಿತು. ರಾಜಾಜಿನಗರದಲ್ಲಿ, ಸಿಹಿತಿಂಡಿ ಅಂಗಡಿಯೊಂದರ ಮೇಲಿನ ಮಹಡಿ. ಮೆಟ್ಟಿಲ ತುಂಬ ಮೈಸೂರು ಪಾಕಿನ ತುಪ್ಪದ ಘಮ. ಬಿಳಿ ಕೋಟು ತೊಟ್ಟ ಹೆಂಗಸನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು, ನಾನೂ ಅಂದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಮನೆಯಲ್ಲಿ ಯಾವುದಾದರೂ ಮದುವೆ ಇದೆಯೇ, ಹಣ ಕಾರ್ಡಿನಲ್ಲೋ ಫೋನಿನಲ್ಲೋ. ರಕ್ತಪರೀಕ್ಷೆ ಇಲ್ಲ, ಬಿಪಿ ನೋಡಲಿಲ್ಲ. ಮೊದಲ ದಿನ ಊಟವಾದ ಮೇಲೆ, ಸಂಜೆ, ಚಪ್ಪಲಿಯ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಆಮೇಲಿನ ವಾರಗಳಲ್ಲಿ ಬೆಳಿಗ್ಗೆ ಏಳಕ್ಕೆ, ಬರಿಹೊಟ್ಟೆಯಲ್ಲಿ, ಬರಿಗಾಲಲ್ಲಿ. ಮೊದಲ ವಾರದ ಒಂದು ಕಿಲೋ ಚಪ್ಪಲಿಯೂ ಅನ್ನ ಸಾರೂ ಸೇರಿ ಇಳಿದದ್ದು. ಲೆಕ್ಕಪತ್ರದ ಕೆಲಸ ಮಾಡುವವಳಿಗೆ ಇದು ಹೊಳೆಯಲಿಲ್ಲ ಎನ್ನುವುದೇ ನಾಚಿಕೆ.

ಎರಡು ಹೊತ್ತು ಪುಡಿ ಕಲಸಿದ ನೀರು, ಒಂದು ಹೊತ್ತು ಸೌತೆಕಾಯಿ ಮತ್ತು ತೆಳು ಮಜ್ಜಿಗೆ. ಎಣ್ಣೆ ತುಪ್ಪ ಒಂದು ಹನಿಯೂ ಕೂಡದು. ನಂತರ ಕೂಡಿಸಿ ನೋಡಿದರೆ ದಿನಕ್ಕೆ ಸುಮಾರು 600 ಕ್ಯಾಲೊರಿ. 800ಕ್ಕಿಂತ ಕೆಳಗಿನ ಆಹಾರಕ್ರಮವನ್ನು ವೈದ್ಯರ ನಿಗಾ ಇಲ್ಲದೆ ಮಾಡಲೇಬಾರದಂತೆ. ಜತೆಗೆ ‘ಎ’, ‘ಬಿ’ ಎಂದು ಚೀಟಿ ಅಂಟಿಸಿದ ಎರಡು ಬಾಟಲಿ ಮಾತ್ರೆ. ತಯಾರಕರ ಹೆಸರಿಲ್ಲ, ತಾರೀಕಿಲ್ಲ. ಏನಿದು ಎಂದರೆ ‘ನಿಮ್ಮ ಶಿರಸಿ ಕಡೆಯ ಉಪ್ಪಾಗೆ ಮೇಡಂ, ಪೂರ್ತಿ ನೈಸರ್ಗಿಕ’ ಎಂದರು. ನನ್ನ ತವರು ಶಿರಸಿ ಎಂದು ನಾನೇ ಬಾಯಿಬಿಟ್ಟಿದ್ದೆ. ಉಪ್ಪಾಗೆ ಎಂದೊಡನೆ ಮಳೆಗಾಲದ ಹೊಗೆಯಲ್ಲಿ ಒಣಗುವ ಆ ಹುಳಿ ಹಣ್ಣಿನ ಸಿಪ್ಪೆ, ಅಜ್ಜಿ ಬೀಜದಿಂದ ತೆಗೆಯುತ್ತಿದ್ದ ತುಪ್ಪ ನೆನಪಾಗಿ ನಂಬಿಬಿಟ್ಟೆ. ಅಜ್ಜಿಯ ಅಡುಗೆಮನೆಯ ಉಪ್ಪಾಗೆ ಬೇರೆ, ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಮಾತ್ರೆಗೆ ತುಂಬುವ ಗಟ್ಟಿ ಸಾರ ಬೇರೆ. ಅದನ್ನು ನುಂಗಿ ಯಕೃತ್ತು ಕೆಡಿಸಿಕೊಂಡವರಿದ್ದಾರೆ. ಇನ್ನೂ ಕೆಟ್ಟದ್ದೆಂದರೆ, ‘ಗಿಡಮೂಲಿಕೆ’ ಎಂದು ಮಾರುವ ಇಂಥ ಮಾತ್ರೆಗಳಲ್ಲಿ ಸಿಬುಟ್ರಮಿನ್ ಎಂಬ ಔಷಧಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಕ್ಕೆ ಅಪಾಯವೆಂದು ಭಾರತವೇ 2011ರಲ್ಲಿ ನಿಷೇಧಿಸಿದ ಔಷಧಿ ಅದು.

ಎಂಟು ವಾರದಲ್ಲಿ 13 ಕಿಲೋ ಇಳಿದೆ. ಸುಳ್ಳೇಕೆ, ಹಿಗ್ಗಿಬಿಟ್ಟೆ. ಆರು ರವಿಕೆಗಳನ್ನು ಒಟ್ಟಿಗೆ ಬಿಗಿ ಮಾಡಿಸಿದೆ. ತಲೆ ಬಾಚಿದರೆ ಹಿಡಿಹಿಡಿ ಕೂದಲು ಬರುತ್ತಿತ್ತು, ಬಿಸಿಲಲ್ಲೂ ಕೈ ತಣ್ಣಗಿರುತ್ತಿತ್ತು, ಸಂಜೆ ಬಸ್ ನಿಲ್ದಾಣದಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದೆ. ಕೇಂದ್ರದವರ ಉತ್ತರ ಎಲ್ಲಕ್ಕೂ ಒಂದೇ: ದೇಹದ ವಿಷ ಹೊರಗೆ ಹೋಗುತ್ತಿದೆ.

ಒಂಬತ್ತನೇ ವಾರ ನಾಗರಬಾವಿಯಲ್ಲಿ ನೆಂಟರ ಗೃಹಪ್ರವೇಶ. ಒಂದೇ ಒಂದು ಒಬ್ಬಟ್ಟು, ಮೇಲೆ ಎರಡು ಚಮಚ ತುಪ್ಪ. ಆ ರಾತ್ರಿ ಎರಡು ಗಂಟೆಗೆ ಬಲಪಕ್ಕೆಲುಬಿನ ಕೆಳಗೆ ಹುಟ್ಟಿದ ನೋವು ಬೆನ್ನು ಹತ್ತಿ ಭುಜದ ಮೂಳೆಯ ತನಕ ಹೋಯಿತು. ಹೆರಿಗೆ ಕಂಡವಳು ನಾನು, ಇದಕ್ಕೆ ಕೂಗಿದೆ. ಬೆಳಿಗ್ಗೆ ಕೇಂದ್ರಕ್ಕೆ ಫೋನ್ ಮಾಡಿದರೆ ಗ್ಯಾಸು, ಜೀರಿಗೆ ನೀರು ಕುಡಿಯಿರಿ ಎಂದರು.

ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿತು. ವಾರಕ್ಕೆ ಒಂದೂವರೆ ಕಿಲೋ ದಾಟಿ ತೂಕ ಇಳಿದರೆ ಹೀಗಾಗುವ ಸಾಧ್ಯತೆ ಹೆಚ್ಚು ಎಂದು ಸರ್ಜನ್ ಹೇಳಿದರು. ಕರಗುವ ಕೊಬ್ಬಿನಿಂದ ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಹೆಚ್ಚಾಗಿ ಸೇರುತ್ತದೆ. ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುವುದಿಲ್ಲ. ನಿಂತ ರಸ ತಳದಲ್ಲಿ ಹರಳುಗಟ್ಟುತ್ತದೆ. ಒಂದೆರಡು ಕಲ್ಲು ಮೊದಲೇ ಇದ್ದಿರಬಹುದು, ನಲವತ್ತು ದಾಟಿದ ದಪ್ಪ ಹೆಂಗಸರಲ್ಲಿ ಅದು ಸಾಮಾನ್ಯ ಎಂದೂ ಅವರೇ ಹೇಳಿದರು. ಮೊದಲೇ ಯಾರಾದರೂ ಪರೀಕ್ಷಿಸಿದ್ದರೆ ತಿಳಿಯುತ್ತಿತ್ತಲ್ಲ ಎಂದೆ. ಅವರು ಉತ್ತರಿಸಲಿಲ್ಲ, ಒಪ್ಪಿಗೆಪತ್ರ ಮುಂದಿಟ್ಟರು. ಪಿತ್ತಕೋಶ ಹೋಯಿತು. ಆಪರೇಷನ್ನಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ 14 ಬಂತು. ಥೈರಾಯ್ಡ್ ಗ್ರಂಥಿ ಮಂಕಾಗಿತ್ತು.

ದೀಪಾವಳಿಯ ಹೊತ್ತಿಗೆ 65 ಇದ್ದದ್ದು 73 ಆಯಿತು. ಆಗ ಬಸವನಗುಡಿಯ ಒಬ್ಬ ವೈದ್ಯೆಯ ಬಳಿ ಹೋದೆ. ನಲವತ್ತು ನಿಮಿಷ ಪ್ರಶ್ನೆಗಳೇ: ನಿದ್ದೆ, ಗೊರಕೆ, ಮುಟ್ಟು, ತಂದೆಯ ಸಕ್ಕರೆ ಕಾಯಿಲೆ, ನುಂಗುವ ಪ್ರತಿ ಮಾತ್ರೆ. ಟೇಪು ಹಿಡಿದು ಸೊಂಟ ಅಳೆದರು, 94 ಸೆಂ.ಮೀ. ನಮ್ಮ ಹೆಂಗಸರಿಗೆ 80 ಮೀರಬಾರದು. ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬೇಡಿ, ಅದರಿಂದ ಏರುವುದು ಕೆಲವೇ ಕಿಲೋ ಎಂದು ಗದರಿದರು. ಆರು ತಿಂಗಳಲ್ಲಿ ಶೇ. 5ರಿಂದ 10 ಇಳಿದರೂ ಬಿಪಿ, ಸಕ್ಕರೆಗೆ ಲಾಭವಿದೆಯಂತೆ. ಮುದ್ದೆ ಬಿಡಿಸಲಿಲ್ಲ, ಚಿಕ್ಕದು ಮಾಡಿಸಿದರು. ಬಸ್ಸಾರಿನಲ್ಲಿ ಕಾಳು ಹೆಚ್ಚಿಸಿದರು. ಈಗ 69. ಯಾರೂ ಗಮನಿಸುವುದಿಲ್ಲ, ರವಿಕೆ ಬಿಚ್ಚಿ ಮತ್ತೆ ಹೊಲಿಸಿದ್ದಾಯಿತು.

2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆಯೂ ಕೇಳಿದೆ. ಅಗತ್ಯವಿದ್ದವರಿಗೆ ಒಳ್ಳೆಯ ಔಷಧಿ, ಆದರೆ ಪರೀಕ್ಷಿಸಿ, ಚೀಟಿ ಬರೆದು, ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ ಕೊಡಬೇಕು. ಅವುಗಳಿಂದಲೂ ಪಿತ್ತಕೋಶದ ತೊಂದರೆ ಬರಬಹುದು. ನಿಮಗೆ ಸದ್ಯ ಬೇಡ ಎಂದರು. ಆ ಕೇಂದ್ರ ಈಗ ಚೀಟಿ ಇಲ್ಲದೆಯೇ ‘ಅರ್ಧ ಬೆಲೆಗೆ ಇಂಜೆಕ್ಷನ್’ ಎಂದು ನನ್ನ ಮೊಬೈಲಿಗೆ ಸಂದೇಶ ಕಳುಹಿಸುತ್ತಿದೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ಶಸ್ತ್ರಚಿಕಿತ್ಸೆಯನ್ನು ಬೈಯಲು ನಾನಿದನ್ನು ಬರೆಯುತ್ತಿಲ್ಲ. ದೊಡ್ಡಮ್ಮನ ಮಗಳ ಬಿಎಂಐ 38 ಇತ್ತು, ಸಕ್ಕರೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಎಲ್ಲ ಪರೀಕ್ಷೆ ಮುಗಿಸಿ ಹೋದ ಅವಳು ಚೆನ್ನಾಗಿದ್ದಾಳೆ. ಕತ್ತಿಗೆ ಹೆದರಿದ ನಾನು ಬಿಳಿ ಕೋಟಿಗೆ ಹೆದರಲಿಲ್ಲ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು. ಒಳಗೆ ಕಾಲಿಟ್ಟೊಡನೆ ಅದನ್ನು ಹುಡುಕಿ. ಕೋಟು ತೊಟ್ಟವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ನಾನು ಬಿಲ್ಲನ್ನು ಓದಿದ್ದು ಆಪರೇಷನ್ ಆದ ಮೇಲೆ. ಅದರಲ್ಲಿ ಚಿಕಿತ್ಸೆ ಎಂಬ ಪದವೇ ಇಲ್ಲ, ‘ಸೌಂದರ್ಯ ಸೇವೆ’ ಎಂದಿದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ; ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲಿದೆ, ಸ್ಕ್ಯಾನಿಂಗ್ ವರದಿ ಇದೆ, ಕಲ್ಲುಗಳಿವೆ. ಮಾತ್ರೆಗಳಲ್ಲಿ ಏನಿತ್ತು ಎಂದು ವಕೀಲರು ಕೇಳಿದರು. ಆಸ್ಪತ್ರೆಯಿಂದ ಬಂದ ದಿನವೇ ಸಿಟ್ಟಿನಲ್ಲಿ ಎರಡೂ ಬಾಟಲಿಗಳನ್ನು ಕಸದ ಗಾಡಿಗೆ ಹಾಕಿದ್ದೆ. ನಿಮ್ಮ ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಇವತ್ತೇ ನುಂಗುವುದನ್ನು ನಿಲ್ಲಿಸಿ, ಆದರೆ ಎಸೆಯಬೇಡಿ.